ಶಾಲೆಯ ಗಂಟೆ ಹೊಡೆದ ಮೇಲೆ

ನಮ್ಮ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿದ್ದುದು ಈ ದೇವಾಲಯದ ಕಟ್ಟಡದ ಕಥೆ. ಅಸ್ತಿಭಾರವನ್ನಿಟ್ಟವರು ಯಾರು, ಗಂಟೆಗೋಪುರಕ್ಕೆ ಕಲ್ಲು ಬಂದುದೆಲ್ಲಿಂದ, ಮರದ ತೊಲೆಗಳನ್ನು ದಾನವಾಗಿ ಕೊಟ್ಟ ಪುಣ್ಯಾತ್ಮರು ಯಾರು ಎಂಬ ವಿವರಗಳನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಆದುದರಿಂದ ನಾನು ಮತ್ತೊಂದು ಕಟ್ಟಡದ ಕಥೆಯನ್ನು ಆರಿಸಿಕೊಂಡಿದ್ದೇನೆ. ಅದು ದೇವಾಲಯವೂ ಅಲ್ಲ, ಶಾಲೆಯೂ ಅಲ್ಲ. ಇಟಲಿ ದೇಶದ ಟ್ಯೂರಿನ್ ನಗರದ ಅಂಚಿನಲ್ಲಿದ್ದ, ನೆಟ್ಟಗೆ ನಿಂತರೆ ತಲೆಗೆ ಸೂರು ತಗಲುತ್ತಿದ್ದ ಒಂದು ಕೊಟ್ಟಿಗೆ.

ಇದಕ್ಕೆ ಕಾರಣವುಂಟು. ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಯಲ್ಲಿ ಸಭಾಂಗಣದ ಪ್ರಶ್ನೆ ಬಂದಿತ್ತು. ಅದನ್ನು ಮದುವೆ, ಆರತಕ್ಷತೆಗಳಿಗೆಂದು ವರ್ಷಪೂರ್ತಿ ಗುತ್ತಿಗೆಗೆ ಕೊಟ್ಟರೆ ದೇವಾಲಯದ ಮಾಡಿನ ದುರಸ್ತಿಗೆ ಹಣ ಒದಗುತ್ತದೆ ಎಂಬ ಸಲಹೆ ಬಂದಿತು. ಸಲಹೆ ನ್ಯಾಯವಾದುದೇ. ಮಾಡು ಸೋರುತ್ತಿರುವುದು ಯಾರಿಗೆ ಗೊತ್ತಿಲ್ಲ? ಆದರೆ ಅದೇ ಸಭಾಂಗಣದಲ್ಲಿ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಮೂವತ್ತು ಮೂವತ್ತೈದು ಮಕ್ಕಳು ಕುಳಿತು ಓದುತ್ತಾರೆ, ಆಡುತ್ತಾರೆ. ಅವರಲ್ಲಿ ಹೆಚ್ಚಿನವರ ತಾಯಂದಿರು ಗಾರ್ಮೆಂಟ್ ಕಾರ್ಖಾನೆಗಳಿಂದ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಸಭೆಯಲ್ಲಿದ್ದ ವಿದ್ಯಾವಂತ ಹಿರಿಯರೊಬ್ಬರು ಎದ್ದು, "ಶಾಲೆಯುಂಟು, ಉಪಾಧ್ಯಾಯರುಂಟು, ಬೇಕಾದವರಿಗೆ ಟ್ಯೂಷನ್ ಉಂಟು. ಶಾಲೆ ಬಿಟ್ಟ ಮೇಲೂ ಮಕ್ಕಳನ್ನು ನೋಡಿಕೊಳ್ಳುವುದು ದೇವಾಲಯದ ಕೆಲಸವೇ, ಸ್ವಾಮಿ?" ಎಂದು ವಿನಯದಿಂದಲೇ ಕೇಳಿದರು. ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಮುಂದಿನ ಸಭೆಯಲ್ಲಿ ನೋಡೋಣವೆಂದು ಹೇಳಿ ಪ್ರಾರ್ಥನೆಯೊಂದಿಗೆ ಸಭೆಯನ್ನು ಮುಗಿಸಿಬಿಟ್ಟೆ. ಈ ಲೇಖನ ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದೇ ವಾಚಕರು ಭಾವಿಸಬಹುದು.

ಮಕ್ಕಳ ಬಿಡುವಿನ ಹೊತ್ತು ಧರ್ಮಸಭೆಯ ಚಿಂತೆಗೆ ವಿಷಯವಾದದ್ದು ನಿನ್ನೆ ಮೊನ್ನೆಯಲ್ಲ. ೧೫೩೬ರಲ್ಲಿಯೇ ಮಿಲಾನ್ ನಗರದಲ್ಲಿ ಕಾಸ್ಟೆಲ್ಲಿನೊ ದ ಕಾಸ್ಟೆಲ್ಲೊ ಎಂಬ ಗುರುಗಳು ಹಬ್ಬ ಹಾಗೂ ಭಾನುವಾರಗಳಂದು ಬೀದಿಯ ಮಕ್ಕಳನ್ನು ಸೇರಿಸಿ ಜ್ಞಾನೋಪದೇಶವನ್ನೂ ಅದರ ಜೊತೆಗೆ ಓದುಬರಹವನ್ನೂ ಕಲಿಸತೊಡಗಿದ್ದರು. ಅನಂತರ ಆ ನಗರದ ಮಹಾಮೇತ್ರಾಣಿಗಳಾದ ಸಂತ ಚಾರ್ಲ್ಸ್ ಬೊರೊಮಿಯೊರವರು ಆ ಶಾಲೆಗಳನ್ನು ತಮ್ಮ ಧರ್ಮಪ್ರಾಂತದ ತುಂಬ ಹರಡಿದರು. ರೋಮ್ ನಗರದಲ್ಲಿ ಸಂತ ಫಿಲಿಪ್ ನೇರಿಯವರ ಕೋಣೆಯ ಸುತ್ತ ಹುಡುಗರ ಗದ್ದಲ ನಿಂತದ್ದೇ ಇಲ್ಲವಂತೆ. 'ಒರೇಟರಿ' ಎಂಬ ಹೆಸರು, ಪ್ರಾರ್ಥನೆಯ ಮನೆ ಎಂಬ ಅರ್ಥದಲ್ಲಿ, ಜನಪ್ರಿಯವಾದದ್ದು ಅವರಿಂದಲೇ. ನಮ್ಮವರಷ್ಟೇ ಇದನ್ನು ಮಾಡಿದರೆಂದು ಬೀಗುವುದಕ್ಕೂ ಆಸ್ಪದವಿಲ್ಲ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾ ಮುದ್ರಕರು, ವಾರದ ಆರು ದಿನ ಕೆಲಸ ಮಾಡಿ ಏಳನೆಯ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ೧೭೮೦ರಲ್ಲಿ ಭಾನುವಾರದ ಶಾಲೆಯನ್ನು ತೆರೆದರು. ಅವರು ಪ್ರಾಟೆಸ್ಟೆಂಟರು. ಮಕ್ಕಳ ವಿಷಯದಲ್ಲಿ ನಮಗೂ ಅವರಿಗೂ ಜಗಳವಿಲ್ಲ.

ಈಗ ಟ್ಯೂರಿನ್ನಿನ ಕಥೆಗೆ ಬರೋಣ. ಜಾನ್ ಬೋಸ್ಕೊ ಹುಟ್ಟಿದ್ದು ೧೮೧೫ರ ಆಗಸ್ಟ್ ೧೬ರಂದು, ಪಿಯೆಮಾಂಟ್ ಪ್ರಾಂತದ ಬೆಕ್ಕಿ ಎಂಬ ಹಳ್ಳಿಯಲ್ಲಿ, ಬಡ ರೈತರ ಮನೆಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿಟ ಓದುಬರಹ ಬಾರದವರು. ಆಕೆಯೇ ಮಗನನ್ನು ಬೆಳೆಸಿದರು. ಜಾತ್ರೆಗೆ ಬರುತ್ತಿದ್ದ ದೊಂಬರಾಟದವರನ್ನು ನೋಡಿ ನೋಡಿ ಹುಡುಗ ಹಗ್ಗದ ಮೇಲೆ ನಡೆಯುವುದನ್ನೂ ಲಾಗ ಹಾಕುವುದನ್ನೂ ಕಲಿತ. ಭಾನುವಾರ ಮಧ್ಯಾಹ್ನ ಹುಲ್ಲುಗಾವಲಿನಲ್ಲಿ ಎರಡು ಮರಗಳ ನಡುವೆ ಹಗ್ಗ ಬಿಗಿದು ಊರ ಜನರನ್ನು ಸೇರಿಸುತ್ತಿದ್ದ. ಆಟಕ್ಕೆ ಮುಂಚೆ ಜಪಮಾಲೆ ಹೇಳಬೇಕು, ಬೆಳಗಿನ ಪ್ರಬೋಧನೆಯನ್ನು ಅವನು ನೆನಪಿನಿಂದ ಒಪ್ಪಿಸುವುದನ್ನು ಕೇಳಬೇಕು; ಅದೇ ಟಿಕೇಟು. ಪ್ರಬೋಧನೆ ಕೇಳದೆ ಆಟಕ್ಕೆ ಮಾತ್ರ ಬಂದವರನ್ನು ಹೊರಗೆ ಕಳುಹಿಸುತ್ತಿದ್ದನಂತೆ. ಈ ನಿಬಂಧನೆ ನಮ್ಮ ಕಾಲದ ಗುರುಗಳಿಗೂ ಇದ್ದಿದ್ದರೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸಿದ್ದುಂಟು.

೧೮೪೧ರ ಜೂನ್ ೫ರಂದು ಅವರಿಗೆ ಗುರುದೀಕ್ಷೆಯಾಯಿತು. ಇಟಲಿಯಲ್ಲಿ ಗುರುಗಳನ್ನು ಗೌರವದಿಂದ 'ಡಾನ್' ಎಂದು ಕರೆಯುವುದು ರೂಢಿ. ಡಾನ್ ಬೋಸ್ಕೊ ಎಂಬ ಹೆಸರು ಬಂದದ್ದು ಹಾಗೆ. ಹೆಚ್ಚಿನ ತರಬೇತಿಗಾಗಿ ಟ್ಯೂರಿನ್ನಿಗೆ ಬಂದ ಈ ಯುವಗುರುವನ್ನು ಡಾನ್ ಕಫಾಸೊ ಎಂಬ ಹಿರಿಯ ಗುರುಗಳು, ಇಂದು ಅವರೂ ಸಂತರೇ, ನಗರದ ಸೆರೆಮನೆಗಳಿಗೆ ಕರೆದೊಯ್ದರು. ಅಲ್ಲಿ ಹನ್ನೆರಡರಿಂದ ಹದಿನೆಂಟು ವರ್ಷದ ಆರೋಗ್ಯವಂತ, ಚುರುಕಾದ ಹುಡುಗರು ಕೆಲಸವಿಲ್ಲದೆ, ಹೇನು ಕಡಿಸಿಕೊಂಡು ಬಿದ್ದಿದ್ದರು. ಬಿಡುಗಡೆಯಾಗಿ ಹೋದವರು ಕೆಲವೇ ದಿನಗಳಲ್ಲಿ ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರಿಗೆ ಯಾರೂ ಇರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ಡಾನ್ ಬೋಸ್ಕೊರವರಿಗೆ ಮನವರಿಕೆಯಾಯಿತು. ಆಗ ಟ್ಯೂರಿನ್ ಭರದಿಂದ ಬೆಳೆಯುತ್ತಿದ್ದ ನಗರ. ಮನೆ ಕಟ್ಟುವ ಕೆಲಸಕ್ಕೆ, ಹೊಗೆಗೂಡು ಗುಡಿಸುವ ಕೆಲಸಕ್ಕೆ ಬೆಟ್ಟದ ಊರುಗಳಿಂದ ಎಳೆಯ ಹುಡುಗರು ಬರುತ್ತಿದ್ದರು. ತಂದೆತಾಯಿ ಊರಲ್ಲಿ, ಹುಡುಗ ಪೇಟೆಯಲ್ಲಿ. ಅವರಿಗೆ ಧರ್ಮಕೇಂದ್ರವೂ ಇಲ್ಲ, ಅವರ ಹೆಸರನ್ನು ಬಲ್ಲ ಗುರುವೂ ಇಲ್ಲ.

ಆ ವರ್ಷ ಡಿಸೆಂಬರ್ ೮, ಅಮಲೋದ್ಭವ ಮಾತೆಯ ಹಬ್ಬ. ಅಸ್ಸೀಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊರವರು ಬಲಿಪೂಜೆಗೆ ಪೂಜಾವಸ್ತ್ರಗಳನ್ನು ಧರಿಸುತ್ತಿದ್ದರು. ಆ ಕೋಣೆಯ ಮೂಲೆಯಲ್ಲಿ ಒಬ್ಬ ಹುಡುಗ ನಿಂತಿದ್ದ. ದೇವಾಲಯದ ಪರಿಚಾರಕ ಅವನಿಗೆ ಪೂಜೆಗೆ ಸಹಾಯ ಮಾಡೆಂದ. ಹುಡುಗ ತನಗೆ ಬಾರದೆಂದ. ಬಾರದಿದ್ದರೆ ಇಲ್ಲಿಗೇಕೆ ಬಂದೆಯೆಂದು ಪರಿಚಾರಕ ಕೋಲೆತ್ತಿ ಹೊಡೆದು ಓಡಿಸಿದ. ಡಾನ್ ಬೋಸ್ಕೊರವರು, ಅವನು ನನ್ನ ಸ್ನೇಹಿತ, ಈಗಲೇ ಕರೆದು ತಾ ಎಂದರು. ಬಲಿಪೂಜೆ ಮುಗಿದ ಮೇಲೆ ವಿಚಾರಿಸಲಾಗಿ ಅವನ ಹೆಸರು ಬಾರ್ತಲೋಮಿಯೊ ಗರೆಲ್ಲಿ, ಊರು ಆಸ್ತಿ, ವಯಸ್ಸು ಹದಿನಾರು, ಗಾರೆ ಕೆಲಸ, ತಂದೆಯಿಲ್ಲ, ತಾಯಿಯಿಲ್ಲ, ಓದು ಬಾರದು, ಪ್ರಥಮ ಪರಮಪ್ರಸಾದವೂ ಆಗಿಲ್ಲ ಎಂದು ತಿಳಿಯಿತು. ಒಂದು 'ನಮೋ ಮರಿಯಾ' ಹೇಳಿ ಅಲ್ಲಿಯೇ ಮೊದಲ ಪಾಠ ಆರಂಭವಾಯಿತು. ಮುಂದಿನ ಭಾನುವಾರ ಅವನು ಜೊತೆಗಾರರನ್ನು ಕರೆತಂದ. ಪರಮ ಪೂಜ್ಯ ಒಂಬತ್ತನೆಯ ಪಿಯುಸ್ ಪೋಪರ ಆಜ್ಞೆಯ ಮೇರೆಗೆ ಡಾನ್ ಬೋಸ್ಕೊರವರೇ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಬರೆದದ್ದು ೧೮೭೩ರ ನಂತರ, ಎಂದರೆ ಮೂವತ್ತು ವರ್ಷಗಳು ಕಳೆದ ಮೇಲೆ, ಎಂಬುದನ್ನೂ ನೆನಪಿನಲ್ಲಿಡಬೇಕು.

ಈ ಪ್ರಸಂಗದಲ್ಲಿ ಎಲ್ಲರೂ ಪರಿಚಾರಕನ ಕೋಲನ್ನು ನೆನೆಯುತ್ತಾರೆ. ನನ್ನ ಮನಸ್ಸಿಗೆ ನಾಟಿದ್ದು ಬೇರೆಯೇ. ಜ್ಞಾನೋಪದೇಶಕ್ಕೆ ಏಕೆ ಹೋಗುತ್ತಿಲ್ಲ ಎಂಬ ಪ್ರಶ್ನೆಗೆ ಹುಡುಗ ಕೊಟ್ಟ ಕಾರಣ: ತನಗಿಂತ ಚಿಕ್ಕವರಿಗೆ ಎಲ್ಲ ಗೊತ್ತು, ಇಷ್ಟು ದೊಡ್ಡವನಾದ ತನಗೆ ಏನೂ ಗೊತ್ತಿಲ್ಲ, ಅವರ ನಡುವೆ ಕುಳಿತರೆ ನಗುತ್ತಾರೆ. ಡಾನ್ ಬೋಸ್ಕೊರವರು ಅವನಿಗೆ ಬೇರೆಯಾಗಿ, ಒಬ್ಬನಿಗೇ, ಕಲಿಸುವೆನೆಂದರು.

ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯ ಪರೀಕ್ಷೆಗೆ ನಾನು ಈ ಪ್ರಸಂಗವನ್ನು ಚೆನ್ನಾಗಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ. ದೀಕ್ಷೆಯಾದ ಎರಡನೆಯ ವರ್ಷ, ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ, ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದಿದ್ದ ಸಂಸಾರದ ಹದಿನಾಲ್ಕು ವರ್ಷದ ಹುಡುಗನೊಬ್ಬ ಭಾನುವಾರದ ಜ್ಞಾನೋಪದೇಶಕ್ಕೆ ಬಂದ. ನಾನು ಅವನನ್ನು ಪ್ರಥಮ ಪರಮಪ್ರಸಾದದ ತರಗತಿಯಲ್ಲಿ, ಎಂಟು ವರ್ಷದ ಮಕ್ಕಳ ನಡುವೆ ಕೂರಿಸಿದೆ. ಪ್ರಾರ್ಥನೆ ಒಪ್ಪಿಸುವಾಗ ಅವನು ತಡವರಿಸಿದ. ಮುಂದೆ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು ತಿದ್ದಿದಳು, ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಸೈಕಲ್ ತುಳಿದುಕೊಂಡು ಇಟ್ಟಿಗೆ ಗೂಡಿನವರೆಗೆ ಹೋದೆ. ಗೂಡು ಆರಿತ್ತು. ಸಂಸಾರ ಬೇರೆ ಊರಿಗೆ ಹೋಗಿ ಎಂಟು ದಿನವಾಗಿತ್ತು. ಆ ಪ್ರಸಂಗವನ್ನು ನಾನು ಪರೀಕ್ಷೆಗೆ ಓದಿದ್ದೆನೇ ಹೊರತು ಅದರಿಂದ ಕಲಿತಿರಲಿಲ್ಲ.

ಗರೆಲ್ಲಿಯ ಹಿಂದೆ ಬಂದ ಹುಡುಗರ ಸಂಖ್ಯೆ ಬೆಳೆಯುತ್ತ ಹೋಯಿತು. ಈ ಬಗೆಯ ಒರೇಟರಿಯನ್ನು ಟ್ಯೂರಿನ್ನಿನಲ್ಲಿ ಮೊದಲು ತೆರೆದವರು ಡಾನ್ ಬೋಸ್ಕೊ ಅಲ್ಲವೆಂಬುದನ್ನು ಇಲ್ಲಿ ಹೇಳುವುದು ನ್ಯಾಯ. ೧೮೪೦ರಲ್ಲಿಯೇ ಡಾನ್ ಕೊಕ್ಕಿ ಎಂಬ ಗುರುಗಳು ಬಡವರ ಬಡಾವಣೆಯಲ್ಲಿ ಒಂದನ್ನು ತೆರೆದಿದ್ದರು. ಡಾನ್ ಬೋಸ್ಕೊರವರ ಹೆಚ್ಚುಗಾರಿಕೆಯೆಂದರೆ ಅವರು ಎಷ್ಟು ಸಾರಿ ಹೊರದೂಡಿಸಿಕೊಂಡರೂ ಬಿಡದೆ ಹೋದದ್ದು. ೧೮೪೪ರಲ್ಲಿ ದಾನಶೀಲೆಯಾದ ಬರೋಲೊ ಶ್ರೀಮತಿಯವರ ಸಂಸ್ಥೆಯಲ್ಲಿ ಎರಡು ಕೋಣೆಗಳು ದೊರೆತವು. ಅಲ್ಲಿ ಆಸ್ಪತ್ರೆಯ ಕಟ್ಟಡ ಮುಗಿಯುತ್ತಲೇ ಬಿಡಬೇಕಾಯಿತು. ಬಳಿಕ ಒಂದು ಸಮಾಧಿಭೂಮಿಯ ಪ್ರಾರ್ಥನಾಲಯ. ಅಲ್ಲಿನ ಗುರುಗಳ ಮನೆಯ ಕೆಲಸದಾಕೆಗೆ ಹುಡುಗರ ಗದ್ದಲ ಸಹಿಸಲಾಗದೆ, ಒಂದೇ ಭಾನುವಾರಕ್ಕೆ ಅದೂ ಮುಗಿಯಿತು. ಮುಂದೆ ಡೋರಾ ನದಿಯ ಹಿಟ್ಟಿನ ಗಿರಣಿಗಳ ಬಳಿ. ಗಿರಣಿಯವರು ದೂರು ಕೊಟ್ಟರು. ಬಳಿಕ ಮೊರೆಟ್ಟಾ ಎಂಬವರ ಮನೆಯಲ್ಲಿ ಮೂರು ಕೋಣೆಗಳು. ಅಕ್ಕಪಕ್ಕದ ಬಾಡಿಗೆಯವರು ದೂರು ಕೊಟ್ಟರು. ಕಡೆಗೆ ಒಂದು ಬಯಲು, ಸುತ್ತ ಬೇಲಿ, ಮೇಲೆ ಆಕಾಶ. ಒಂದು ಮೂಲೆಯ ದಿಬ್ಬದ ಮೇಲೆ ಕುಳಿತು ಡಾನ್ ಬೋಸ್ಕೊರವರು ಪಾಪನಿವೇದನೆ ಕೇಳುವರು, ಉಳಿದವರು ಓಡಾಡುವರು. ಬಯಲಿನ ಒಡೆಯರು, ತುಳಿದು ತುಳಿದು ಹುಲ್ಲಿನ ಬೇರೂ ಉಳಿಯದೆಂದು ನೋಟೀಸು ಕೊಟ್ಟರು. ದೂರು ಕೊಟ್ಟವರೆಲ್ಲ ದುಷ್ಟರಾಗಿರಲಿಲ್ಲವೆಂದು ನನ್ನ ಅಭಿಪ್ರಾಯ. ನೂರಾರು ಹುಡುಗರ ಕೂಗು ಏನೆಂಬುದು ನಮ್ಮ ದೇವಾಲಯದ ನೆರೆಯವರಿಗೂ ಗೊತ್ತು. ಅವರ ತಾಳ್ಮೆಗೆ ಈ ಸಂದರ್ಭದಲ್ಲಿ ಕೃತಜ್ಞತೆ ಸಲ್ಲಬೇಕು.

ಸರ್ಕಾರಕ್ಕೂ ಸಂಶಯ ಬಂದಿತು. ನಗರಾಡಳಿತದ ಮುಖ್ಯಸ್ಥರಾಗಿದ್ದ ಮಿಕೆಲೆ ಕವೂರ್, ಇಟಲಿಯ ಏಕೀಕರಣದ ನಾಯಕ ಕವೂರರ ತಂದೆ, ಕೆಲಸಗಾರ ಹುಡುಗರ ಈ ಗುಂಪನ್ನು ದಂಗೆಯ ಬೀಜವೆಂದು ಬಗೆದು ಪೊಲೀಸರನ್ನು ಕಾವಲಿಗೆ ಹಾಕಿದರು. ಅರಸ ಚಾರ್ಲ್ಸ್ ಆಲ್ಬರ್ಟರ ಒಲವು ಇದ್ದುದರಿಂದ ಒರೇಟರಿ ಉಳಿಯಿತು. ಸಹೋದರ ಗುರುಗಳಲ್ಲಿಯೂ ಕೆಲವರು ಇವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ನಂಬಿ, ಗಾಡಿಯಲ್ಲಿ ಹುಚ್ಚಾಸ್ಪತ್ರೆಗೆ ಕರೆದೊಯ್ಯಲು ಬಂದರು. ತಾವು ಮೊದಲು ಹತ್ತಿ ಎಂದು ಅವರನ್ನು ಹತ್ತಿಸಿ, ಬಾಗಿಲು ಮುಚ್ಚಿ, ಗಾಡಿಯವನಿಗೆ ಹೊಡೆಯೆಂದರಂತೆ ಡಾನ್ ಬೋಸ್ಕೊ. ಈ ಕಥೆಗೆ ಮಕ್ಕಳು ಇಂದಿಗೂ ನಗುತ್ತಾರೆ.

೧೮೪೬ರ ಏಪ್ರಿಲ್ ೫, ಗರಿಗಳ ಭಾನುವಾರ. ಬಯಲಿನಲ್ಲಿ ಅದೇ ಕಡೆಯ ದಿನ. ಮುಂದಿನ ವಾರ ಎಲ್ಲಿ ಸೇರಬೇಕೆಂದು ಹುಡುಗರಿಗೆ ಹೇಳಲು ಸ್ಥಳವಿಲ್ಲ. ಡಾನ್ ಬೋಸ್ಕೊರವರು ಒಬ್ಬರೇ ದೂರ ಹೋಗಿ ನಿಂತು ಅತ್ತರು. ಆಗ ತೊದಲುಮಾತಿನ ಒಬ್ಬಾತ ಬಂದು ಪಿನಾರ್ಡಿ ಎಂಬವರ ಮನೆಯ ಹಿಂದೆ ಒಂದು ಕೊಟ್ಟಿಗೆ ಬಾಡಿಗೆಗಿದೆಯೆಂದ. ಹೋಗಿ ನೋಡಿದರೆ ಮಾಡು ತೀರ ತಗ್ಗು. ನೆಲವನ್ನು ಅಗೆದು ತಗ್ಗಿಸಿಕೊಡುವುದಾಗಿ ಪಿನಾರ್ಡಿ ಒಪ್ಪಿದರು. ವರ್ಷಕ್ಕೆ ಸುಮಾರು ೩೦೦ ಲೀರಾ ಬಾಡಿಗೆ. ಏಪ್ರಿಲ್ ೧೨, ಪಾಸ್ಖ ಹಬ್ಬದ ದಿನ, ಹುಡುಗರು ಮೇಣದಬತ್ತಿಕಂಬ, ಬೆಂಚು, ಚೆಂಡು, ಬುಗುರಿಗಳನ್ನು ಹೊತ್ತುಕೊಂಡು ಅಲ್ಲಿಗೆ ನಡೆದರು. ಮರುವರ್ಷ ಮಹಾಮೇತ್ರಾಣಿಗಳು ದೃಢೀಕರಣ ಸಂಸ್ಕಾರ ನೀಡಲು ಬಂದಾಗ ಪ್ರಬೋಧನಾಪೀಠ ಹತ್ತಿದೊಡನೆ ಅವರ ಕಿರೀಟ ಸೂರಿಗೆ ತಗಲಿತು.

ಆ ಕೊಟ್ಟಿಗೆಯಲ್ಲಿ ನಡೆದುದೇನೆಂಬುದೇ ಮುಖ್ಯ. ಭಾನುವಾರ ಕಲಿಸಿದ ಅಕ್ಷರ ಮುಂದಿನ ಭಾನುವಾರದ ಹೊತ್ತಿಗೆ ಮರೆತುಹೋಗುತ್ತಿದ್ದುದನ್ನು ಕಂಡು, ಮೊರೆಟ್ಟಾ ಮನೆಯಲ್ಲಿದ್ದಾಗಲೇ ಅವರು ವಾರದ ದಿನಗಳಲ್ಲಿ ರಾತ್ರಿ ಶಾಲೆಯನ್ನು ಆರಂಭಿಸಿದ್ದರು. ಕೆಲಸ ಮುಗಿಸಿದ ಹುಡುಗರು ಸುಣ್ಣದ ಕೈಗಳಲ್ಲಿಯೇ ಬರುತ್ತಿದ್ದರು. ಕ್ರಮ ಬಹಳ ಸರಳ. ಮೊದಲು ಅಕ್ಷರ ಮತ್ತು ಗುಣಿತ ಮಾತ್ರ. ಅದಾದೊಡನೆ ಕೈಗೆ ಚಿಕ್ಕ ಜ್ಞಾನೋಪದೇಶದ ಪುಸ್ತಕ. ಅದರಲ್ಲಿ ಒಂದೆರಡು ಪ್ರಶ್ನೆಗಳನ್ನು ಓದಲು ಬಂದರೆ ಅದೇ ವಾರದ ಪಾಠ. ಒಮ್ಮೆಗೆ ಒಂದೇ ವಿಷಯ, ಎರಡಿಲ್ಲ. ಕಲಿಸುವವರು ಬೇಕಲ್ಲ! ಸಂಬಳಕ್ಕೆ ಹಣವಿಲ್ಲ. ನಗರದ ಕೆಲವು ವಿದ್ಯಾರ್ಥಿಗಳನ್ನು ಆರಿಸಿ, ಅವರಿಗೆ ತಾವೇ ಉಚಿತವಾಗಿ ಇಟಾಲಿಯನ್, ಲ್ಯಾಟಿನ್, ಫ್ರೆಂಚ್, ಗಣಿತಗಳನ್ನು ಹೇಳಿಕೊಟ್ಟರು. ಪ್ರತಿಯಾಗಿ ಅವರು ಕಿರಿಯರಿಗೆ ಕಲಿಸಬೇಕು. ಎಂಟು ಹತ್ತು ಜನರಿಂದ ಈ ಏರ್ಪಾಡು ಆರಂಭವಾಯಿತು. ನಮ್ಮ ಸಭಾಂಗಣದಲ್ಲಿ ಪಿ.ಯು.ಸಿ. ಓದುವ ಹೆಣ್ಣುಮಕ್ಕಳು ಐದನೆಯ ತರಗತಿಯವರಿಗೆ ಲೆಕ್ಕ ಹೇಳಿಕೊಡುವುದನ್ನು ನೋಡಿ ಕೆಲವರು, ಇದು ಯಾವ ಶಿಕ್ಷಣಪದ್ಧತಿ ಎಂದು ಮೂಗು ಮುರಿದಿದ್ದಾರೆ. ಪದ್ಧತಿ ಹಳೆಯದು.

೧೮೫೦ರ ಜನವರಿಯಿಂದ ಪಿಯೆಮಾಂಟಿನಲ್ಲಿ ಹಳೆಯ ತೂಕ, ಅಳತೆಗಳು ಹೋಗಿ ಮೆಟ್ರಿಕ್ ಪದ್ಧತಿ ಕಡ್ಡಾಯವಾಗಲಿತ್ತು. ನಮ್ಮಲ್ಲಿ ಸೇರು, ಮಣ, ಅಣೆಗಳು ಹೋದ ಕಾಲವನ್ನು ಹಿರಿಯರಿಂದ ಕೇಳಿದವರಿಗೆ ಆ ಗೊಂದಲ ಊಹಿಸಲು ಕಷ್ಟವಲ್ಲ. ಲೆಕ್ಕ ಬಾರದ ಕೂಲಿ ಹುಡುಗ ಮೋಸ ಹೋಗುವುದು ಇಂಥ ಕಾಲದಲ್ಲೇ. ಡಾನ್ ಬೋಸ್ಕೊರವರು ಅದಕ್ಕಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದರು. ಸಾಲದೆಂಬಂತೆ ಅದೇ ವಿಷಯದ ಮೇಲೆ ಹಾಸ್ಯ ಸಂಭಾಷಣೆಗಳನ್ನು ರಚಿಸಿ ಹುಡುಗರಿಂದ ಆಡಿಸಿದರು. ನಗುತ್ತ ನಗುತ್ತ ಲೀಟರು, ಕಿಲೋಗ್ರಾಮುಗಳು ಅವರ ತಲೆಗೆ ಹೋದವು. ಗುರುಗಳಿಗೆ ಇದೆಲ್ಲ ಏಕೆ ಎಂದು ಕೇಳಿದವರು ಆಗಲೂ ಇದ್ದಿರಬೇಕು.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುತ್ತದೆ. ವಾರದ ದಿನಗಳಲ್ಲಿ ಅವರು ಹುಡುಗರು ದುಡಿಯುವ ಜಾಗಗಳಿಗೇ ಹೋಗುತ್ತಿದ್ದರು. ಕಟ್ಟುತ್ತಿದ್ದ ಗೋಡೆಗಳ ಬಳಿ ನಿಂತು ಮೇಸ್ತ್ರಿಯೊಡನೆ ಮಾತಾಡುತ್ತಿದ್ದರು. ೧೮೫೨ರ ಫೆಬ್ರವರಿಯಲ್ಲಿ ಒಬ್ಬ ಬಡಗಿಗೂ ಅವನ ಬಳಿ ಕೆಲಸ ಕಲಿಯಲು ಸೇರಿದ ಹುಡುಗನಿಗೂ ಆದ ಕರಾರುಪತ್ರ ಇಂದಿಗೂ ಉಳಿದಿದೆ. ಹುಡುಗನನ್ನು ಕಸುಬಿಗೆ ಸಂಬಂಧಿಸಿದ ಕೆಲಸಕ್ಕಲ್ಲದೆ ಮನೆಯ ಚಾಕರಿಗೆ ಹಚ್ಚಕೂಡದು, ಹೊಡೆಯಕೂಡದು, ಹಬ್ಬದ ದಿನ ಬಿಡುವು ಕೊಡಬೇಕು, ಸಂಬಳ ಇಷ್ಟಿಷ್ಟು ಏರಬೇಕು ಎಂಬ ನಿಬಂಧನೆಗಳು ಅದರಲ್ಲಿವೆ. ಬಡಗಿ, ಹುಡುಗ, ಹುಡುಗನ ತಂದೆ, ಡಾನ್ ಬೋಸ್ಕೊ, ಎಲ್ಲರ ರುಜುವೂ ಇದೆ. ಬಾಲಕಾರ್ಮಿಕರ ಕಾನೂನು ಎಂಬ ಮಾತೇ ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಈ ಎಲ್ಲದರ ಭಾರವನ್ನು ಹೊತ್ತ ಮತ್ತೊಬ್ಬರನ್ನು ಮರೆಯುವಂತಿಲ್ಲ. ೧೮೪೬ರ ಬೇಸಿಗೆಯಲ್ಲಿ ಡಾನ್ ಬೋಸ್ಕೊರವರು ಕಾಯಿಲೆಬಿದ್ದು ಸಾವಿನ ಅಂಚಿಗೆ ಹೋಗಿಬಂದರು. ಚೇತರಿಸಿಕೊಂಡು ನವೆಂಬರಿನಲ್ಲಿ ಹಿಂದಿರುಗಿದಾಗ ಅವರ ಜೊತೆ ಹಳ್ಳಿಯಿಂದ ಕಾಲ್ನಡಿಗೆಯಲ್ಲಿ ತಾಯಿ ಮಾರ್ಗರಿಟ ಬಂದರು. ಆಗ ಆಕೆಗೆ ಐವತ್ತೆಂಟು ವರ್ಷ. ತಮ್ಮ ಮದುವೆಯ ಬಟ್ಟೆಗಳನ್ನು ಮಾರಿ ಆ ಮನೆಯನ್ನು ನಡೆಸಿದರು. ಹುಡುಗರ ಹರಿದ ಅಂಗಿ ಹೊಲಿದರು, ಗಂಜಿ ಬೇಯಿಸಿದರು. ಆಡುವ ಹುಡುಗರು ತಾವು ಬೆಳೆಸಿದ ತರಕಾರಿ ಪಾತಿಯನ್ನು ತುಳಿದುಹಾಕಿದ ದಿನ ಬೇಸತ್ತು ಊರಿಗೆ ಹೊರಟೇಬಿಟ್ಟಿದ್ದರಂತೆ. ಮಗ ಏನೂ ಹೇಳದೆ ಗೋಡೆಯ ಮೇಲಿದ್ದ ಶಿಲುಬೆಯನ್ನು ತೋರಿಸಿದರು; ಆಕೆ ಉಳಿದರು. ೧೮೫೬ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ನಮ್ಮ ಮಕ್ಕಳಿಗೆ ದಿನವೂ ಸಂಜೆ ಅವಲಕ್ಕಿಯನ್ನೋ ಕಡಲೆಯನ್ನೋ ತಂದುಕೊಡುವ ತಾಯಂದಿರ ಹೆಸರುಗಳು ಈ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿಲ್ಲ. ಅವರೇ ಬೇಡವೆಂದರು.

ಆ ಕೊಟ್ಟಿಗೆಯಿಂದ ೧೮೫೯ರಲ್ಲಿ ಸಲೇಸಿಯನ್ ಸಭೆ ಹುಟ್ಟಿತು. ೧೯೦೬ರಲ್ಲಿ ಅದರ ಗುರುಗಳು ಭಾರತಕ್ಕೆ, ತಂಜಾವೂರಿಗೆ ಬಂದರು. ೧೯೮೦ರಲ್ಲಿ ಬೆಂಗಳೂರಿನ ಸಲೇಸಿಯನ್ ಗುರುವಿದ್ಯಾರ್ಥಿಗಳು ಬೀದಿಯಲ್ಲಿ ಚಿಂದಿ ಆಯುತ್ತಿದ್ದ, ನಿಲ್ದಾಣಗಳಲ್ಲಿ ಮಲಗುತ್ತಿದ್ದ ಮಕ್ಕಳ ಬಳಿಗೆ ಹೋಗತೊಡಗಿದರು. ಬೆಂಗಳೂರು ಓಣಿಯವರ ಸೇವಾ ಕೂಟ ಬೆಳೆದದ್ದು ಅದರಿಂದ. ಕನ್ನಡನಾಡಿನಲ್ಲಿ ಈ ಕೆಲಸ ಕ್ರೈಸ್ತರದು ಮಾತ್ರವಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳ ಕೂಟವನ್ನು ಕಟ್ಟಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಸೇರಿಸಿ ಕುಣಿಸಿ ನಲಿಸಿದರು. ೨೦೨೦ರಲ್ಲಿ, ರೋಗದ ಭಯದಿಂದ ಶಾಲೆಗಳು ಮುಚ್ಚಿದ್ದಾಗ, ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆಯಲು ಸರ್ಕಾರವೇ 'ಓದುವ ಬೆಳಕು' ಎಂಬ ಯೋಜನೆಯನ್ನು ಆರಂಭಿಸಿತು. ನಮ್ಮ ಸಭಾಂಗಣದ ಸಂಜೆಯ ಓದು ಆರಂಭವಾದದ್ದೂ ಅದೇ ಕಾಲದಲ್ಲಿ, ಮೊಬೈಲ್ ಇಲ್ಲದ ಏಳು ಮಕ್ಕಳಿಂದ.

೧೮೮೪ರ ಮೇ ೧೦ರಂದು ರೋಮ್ ನಗರದಿಂದ ಡಾನ್ ಬೋಸ್ಕೊರವರು ತಮ್ಮ ಮನೆಗೆ ಒಂದು ಕಾಗದ ಬರೆದರು. ಆಗ ಅವರಿಗೆ ಅರುವತ್ತೆಂಟು, ಇಂದಿನ ನನಗಿಂತ ಎರಡೇ ವರ್ಷ ಹೆಚ್ಚು. ಕೊಟ್ಟಿಗೆ ಹೋಗಿ ದೊಡ್ಡ ಕಟ್ಟಡಗಳು, ಮುದ್ರಣಾಲಯ, ಮಹಾದೇವಾಲಯ ಎಲ್ಲವೂ ಎದ್ದಿದ್ದವು. ಕಾಗದದಲ್ಲಿ ಒಂದು ಕನಸಿನ ವರ್ಣನೆಯಿದೆ. ಮೊದಲು ಕಂಡದ್ದು ಹಳೆಯ ಆಟದ ಬಯಲು. ಹುಡುಗರ ನಡುವೆ ಗುರುಗಳೂ ಓಡುತ್ತಿದ್ದಾರೆ, ಹಾಡುತ್ತಿದ್ದಾರೆ. ಬಳಿಕ ಕಂಡದ್ದು ಹೊಸ ಬಯಲು. ಹುಡುಗರು ಕಂಬಗಳಿಗೆ ಒರಗಿ ಬೇಸರದಿಂದ ನಿಂತಿದ್ದಾರೆ, ಗುರುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ದೂರದಲ್ಲಿ ಅಡ್ಡಾಡುತ್ತಿದ್ದಾರೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂಬುದು ಅವರಿಗೂ ತಿಳಿಯುವಂತಿರಬೇಕೆಂಬುದು ಆ ಕಾಗದದ ಸಾರ. ಕಟ್ಟಡಗಳ ಕೊರತೆಯನ್ನು ಕುರಿತು ಅದರಲ್ಲಿ ಅವರು ಕೊರಗಿಲ್ಲ.

ಪಾಲನಾ ಸಮಿತಿಯ ಸಭೆ ಶತಮಾನೋತ್ಸವದ ಹಬ್ಬ ಕಳೆದ ಮೊದಲ ಭಾನುವಾರ, ಎರಡನೆಯ ಬಲಿಪೂಜೆಯ ಬಳಿಕ ಸೇರುತ್ತದೆ. ಗುತ್ತಿಗೆಯ ಕರಡುಪತ್ರ ನನ್ನ ಮೇಜಿನ ಮೇಲಿದೆ. ನಾನಿನ್ನೂ ರುಜು ಹಾಕಿಲ್ಲ. ಮದುವೆಗಳಿಗೆ ಸಭಾಂಗಣವನ್ನು ಕೊಡಲು ನನ್ನ ಅಡ್ಡಿಯಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ನಾಲ್ಕೂವರೆಯಿಂದ ಏಳರವರೆಗಿನ ಹೊತ್ತನ್ನು ಬಿಟ್ಟುಕೊಡಬೇಕೆಂಬ ಒಂದು ವಾಕ್ಯವನ್ನು ಸೇರಿಸಬೇಕೆಂದು ಕೇಳಿಕೊಳ್ಳುವೆ. ಹಣ ಕಡಮೆಯಾದೀತು. ಮಾಡಿನ ಉತ್ತರದ ಭಾಗಕ್ಕೆ ಈ ವರ್ಷವೂ ಟಾರ್ಪಾಲಿನ್ನೇ ಹೊದಿಸಬೇಕಾದೀತು. ಅಂದು ಪ್ರಶ್ನೆ ಕೇಳಿದ ಹಿರಿಯರು ಸಭೆಗೆ ಮುಂಚೆ ಒಂದು ಸಂಜೆ ಸಭಾಂಗಣಕ್ಕೆ ಬಂದು ಹೋಗಬೇಕೆಂದು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ. ಏಳನೆಯ ತರಗತಿಯ ಇಬ್ಬರು ಹುಡುಗರಿಗೆ ಇನ್ನೂ ಒತ್ತಕ್ಷರ ಓದಲು ಬಾರದು. ಅವರನ್ನು ಚಿಕ್ಕವರ ಜೊತೆ ಕೂರಿಸಿಲ್ಲ. ಆರು ಗಂಟೆಯ ಬಳಿಕ ನನ್ನ ಕೋಣೆಯ ಮುಂದಿನ ಜಗಲಿಯಲ್ಲಿ ಅವರಿಗೆ ಬೇರೆಯಾಗಿ ಪಾಠ ನಡೆಯುತ್ತದೆ.